ಇಇಜಿ ಕೋಣೆಗೆ ಕುರ್ಚಿ ಆರಿಸಿದ ನನ್ನ ಅನುಭವ

ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ, ಪರದೆಯ ಮೇಲೆ ಮೂಡುವ ಆಕೃತಿಗಳನ್ನು ನೋಡುತ್ತ ಗುಂಡಿ ಒತ್ತುವ ಸಹಭಾಗಿಗಳ ಇಇಜಿಯನ್ನು, ಅಂದರೆ ತಲೆಯ ಚರ್ಮದ ಮೇಲೆ ಸಿಗುವ ಮಿದುಳಿನ ವಿದ್ಯುತ್ ಸಂಕೇತವನ್ನು ದಾಖಲಿಸುತ್ತೇವೆ. ಸಂಕೇತ ಹಿಡಿಯುವ ಎಲೆಕ್ಟ್ರೋಡುಗಳಿರುವ ಟೋಪಿ ತೊಡಿಸಿ, ಒಂದೊಂದು ಎಲೆಕ್ಟ್ರೋಡಿಗೂ ವಿದ್ಯುತ್ ಹರಿಯಬಲ್ಲ ಜೆಲ್ ತುಂಬಿ, ಪ್ರಯೋಗ ಮುಗಿಸುವಷ್ಟರಲ್ಲಿ ಒಬ್ಬೊಬ್ಬರೂ ಹೆಚ್ಚುಕಡಿಮೆ ಎರಡು ಗಂಟೆ ಕುಳಿತಿರಬೇಕಾಗುತ್ತದೆ. ಹೊಸ ಕೋಣೆಗೆ ಕುರ್ಚಿ ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅದನ್ನು ಪೀಠೋಪಕರಣವೆಂದು ಎಣಿಸದೆ ಅಳತೆಯ ಉಪಕರಣಗಳಲ್ಲಿ ಒಂದೆಂದು ಎಣಿಸಿಯೇ ಶುರುಮಾಡಿದೆ.

ಅದಕ್ಕೆ ಕಾರಣವಿದೆ. ನಮಗೆ ಬೇಕಾದ ಸಂಕೇತ ಕೆಲವೇ ಹತ್ತುಗಳಷ್ಟು ಮೈಕ್ರೊವೋಲ್ಟುಗಳನ್ನು (ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು) ಮೀರುವುದು ಅಪರೂಪ. ಕುತ್ತಿಗೆ, ಭುಜ ಅಥವಾ ದವಡೆಯ ಸ್ನಾಯು ಬಿಗಿದರೆ ಅದರಿಂದ ಹೊರಡುವ ವಿದ್ಯುತ್ತು ಸುಲಭವಾಗಿ ಇದನ್ನು ಮೀರಿಸುತ್ತದೆ. ಅದರಲ್ಲೂ 20 ಹರ್ಟ್ಸಿನಿಂದ (ಸೆಕೆಂಡಿಗೆ 20 ಅಲೆ) ಮೇಲಕ್ಕೆ, ಮಿದುಳಿನ ವೇಗದ ಅಲೆಗಳಾದ ಬೀಟಾ, ಗಾಮಾ ಇರುವ ಭಾಗವನ್ನೇ ಅದು ಆವರಿಸಿಕೊಳ್ಳುವುದರಿಂದ, ದಾಖಲೆ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಸೋಸಿ ತೆಗೆಯುವುದು ಕಷ್ಟ. ಭುಜ ಬಿಗಿಯುವುದು ಬಹಳಷ್ಟು ಸಲ ಕಾಲಿನಿಂದ ಶುರುವಾಗುತ್ತದೆ. ಪಾದ ನೆಲಕ್ಕೆ ತಾಗದಿದ್ದರೆ ತೊಡೆಯ ಹಿಂಭಾಗ ಒತ್ತಿ ಜೋಮು ಹಿಡಿಯುತ್ತದೆ, ಕುಳಿತವರು ಆಸನದ ಅಂಚಿಗೆ ಜರುಗುತ್ತಾರೆ, ಬೆನ್ನು ಒರಗನ್ನು ಬಿಡುತ್ತದೆ, ಆಮೇಲೆ ತಲೆಯ ಭಾರವನ್ನೆಲ್ಲ ಕುತ್ತಿಗೆಯೇ ಹೊರಬೇಕಾಗುತ್ತದೆ.

ತಲೆಯೊರಗು ಇರುವ ಎತ್ತರದ ಕುರ್ಚಿಯೇ ಒಳ್ಳೆಯದೆಂದು ಸಹೋದ್ಯೋಗಿಗಳಲ್ಲಿ ಹಲವರ ಅಭಿಪ್ರಾಯವಾಗಿತ್ತು. ನಾನು ಒಪ್ಪಲಿಲ್ಲ. ನೋಟವನ್ನು ಗ್ರಹಿಸುವ ಮಿದುಳಿನ ಭಾಗ ತಲೆಯ ಹಿಂಬದಿಯಲ್ಲಿರುವುದರಿಂದ, ನಮಗೆ ಎಲ್ಲಕ್ಕಿಂತ ಮುಖ್ಯವಾದ ಎಲೆಕ್ಟ್ರೋಡುಗಳು ದಿಂಬು ತಾಗುವ ಜಾಗದಲ್ಲಿಯೇ ಬರುತ್ತವೆ. ತಲೆ ಆನಿಸಿದಾಗ ಅವು ಚರ್ಮಕ್ಕೆ ಒತ್ತಿ ನೋಯಿಸುತ್ತವೆ, ಉಸಿರಾಟದೊಂದಿಗೆ ತುಸುತುಸುವೇ ಅಲುಗಿ ದಾಖಲೆಯಲ್ಲಿ ನಿಧಾನಗತಿಯ ಏರಿಳಿತಗಳನ್ನು ಮೂಡಿಸುತ್ತವೆ. ಜೆಲ್ ಹಿಂಡಿಹೋಗಿ ಅಕ್ಕಪಕ್ಕದ ಎಲೆಕ್ಟ್ರೋಡುಗಳ ನಡುವೆ ಹರಡಿತೆಂದರೆ ಎರಡೂ ಒಂದೇ ಸಂಕೇತವನ್ನು ಕೊಡತೊಡಗುತ್ತವೆ. ಆದ್ದರಿಂದ ಹೆಗಲೆಲುಬಿನವರೆಗೆ ಮಾತ್ರ ಬರುವ ಒರಗನ್ನು ಆರಿಸಿದೆ. ಆಸರೆ ಬೇಕೆನ್ನುವವರಿಗೆ ಟೋಪಿಯ ಅಂಚಿಗಿಂತ ಕೆಳಗೆ, ಕುತ್ತಿಗೆಯ ಬುಡಕ್ಕೆ, ಸುತ್ತಿದ ಟವೆಲನ್ನು ಇಡುತ್ತೇವೆ.

ಹಿಂದಕ್ಕೆ ಮಲಗುವಂಥ ಕುರ್ಚಿಯಲ್ಲಿ ಸ್ನಾಯುಗಳೇನೋ ಸಡಿಲಗೊಳ್ಳುತ್ತವೆ, ಜೊತೆಗೆ ಎಚ್ಚರವೂ ಸಡಿಲಗೊಳ್ಳುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಬಂದವರನ್ನು ಮಂದ ಬೆಳಕಿನ ಕೋಣೆಯಲ್ಲಿ ಹಾಗೆ ಒರಗಿಸಿದರೆ ಎಚ್ಚರವಿದ್ದು ಆರಾಮವಾಗಿರುವಾಗ ಕಾಣುವ 8ರಿಂದ 13 ಹರ್ಟ್ಸಿನ ಆಲ್ಫಾ ಅಲೆಗಳು ಚೂರುಚೂರಾಗಿ, ಅದಕ್ಕಿಂತ ನಿಧಾನವಾದ ಥೀಟಾ ಅಲೆಗಳು ತಲೆಯೆತ್ತುವುದನ್ನು ಪರದೆಯಲ್ಲಿ ಕಾಣಬಹುದು. ಆರಾಮವಿರಬೇಕು, ಆದರೆ ತೂಕಡಿಸುವಷ್ಟಲ್ಲ. ನೇರಕ್ಕಿಂತ ತುಸುವೇ ಹಿಂದಕ್ಕೆ ಬಾಗಿ ಅಲ್ಲಿಯೇ ಬಿಗಿಯಾಗಿ ನಿಲ್ಲುವ ಒರಗು ನಮಗೆ ಸರಿಹೊಂದಿತು.

ಗಾಲಿಗಳ ವಿಷಯದಲ್ಲಿ ನನ್ನದು ಖಡಾಖಂಡಿತವಾದ ನಿಲುವು. ಕಣ್ಣಿನಿಂದ ಪರದೆಗೆ 57 ಸೆಂಟಿಮೀಟರ್ ದೂರವಿದ್ದಾಗ ಪರದೆಯ ಮೇಲಿನ 1 ಸೆಂಟಿಮೀಟರ್ ಕಣ್ಣಿನಲ್ಲಿ ಸರಿಸುಮಾರು 1 ಡಿಗ್ರಿಯ ಕೋನವಾಗುತ್ತದೆಂಬ ಲೆಕ್ಕವನ್ನು ದೃಷ್ಟಿಯ ಪ್ರಯೋಗ ಮಾಡುವ ಹಲವರು ಬಳಸುತ್ತಾರೆ. ಕುಳಿತವರು 7 ಸೆಂಟಿಮೀಟರ್ ಮುಂದೆ ಬಂದರೆ ಆಕೃತಿ ಅವರ ಕಣ್ಣಿಗೆ ಶೇ 14ರಷ್ಟು ದೊಡ್ಡದಾಗುತ್ತದೆ. ಗದ್ದವನ್ನು ಇಡುವ ಆಸರೆಯಿಂದ ತಲೆಯನ್ನು ನಿಲ್ಲಿಸಬಹುದು, ನಿಜ. ಆದರೆ ತಲೆ ನಿಂತು ಕುರ್ಚಿ ಜಾರಿದರೆ ಕುತ್ತಿಗೆ ಎಳೆದುಕೊಂಡು ಸ್ನಾಯುವಿನ ತೊಂದರೆ ಮತ್ತೊಂದು ದಾರಿಯಿಂದ ಒಳಬರುತ್ತದೆ. ವಯಸ್ಸಾದವರಿಗಂತೂ ಕುಳಿತುಕೊಳ್ಳುವಾಗ ಹಿಂದಕ್ಕೆ ಸರಿಯುವ ಕುರ್ಚಿ ಅಪಾಯಕಾರಿ. ಗಾಲಿಯಿಲ್ಲದ, ಸುತ್ತಲೂ ತಿರುಗದ, ಎತ್ತರವನ್ನು ಮಾತ್ರ ಬದಲಿಸಬಹುದಾದ ಕುರ್ಚಿ ಸಿದ್ಧರೂಪದಲ್ಲಿ ಸಿಗುವುದು ಕಷ್ಟ. ಕೊನೆಗೆ ಆಸನವನ್ನು ಏರಿಳಿಸುವ ಗ್ಯಾಸ್ ಲಿಫ್ಟ್ ಇರುವ ಕಚೇರಿ ಕುರ್ಚಿಯೊಂದನ್ನು ಕೊಂಡು, ಗಾಲಿಗಳ ಬದಲು ಜರುಗದ ಪಾದಗಳನ್ನು ಹಾಕಿಸಿ, ತಿರುಗುವ ಭಾಗಕ್ಕೆ ಅಡ್ಡಕೀಲು ಕೂರಿಸಿಕೊಂಡೆವು. ಮೋಟಾರಿನಿಂದ ಏರಿಳಿಯುವ ಆಸ್ಪತ್ರೆಯ ಕುರ್ಚಿಯನ್ನು ಬೇಡವೆಂದದ್ದು ಗೋಡೆಯ ಸಾಕೆಟ್ಟಿನ ವಿದ್ಯುತ್ತಿನಿಂದ ದಾಖಲೆಗೆ ಬೆರೆಯುವ 50 ಹರ್ಟ್ಸಿನ ಗದ್ದಲಕ್ಕೆ ಮತ್ತೊಂದು ಮೂಲವನ್ನು ಸಹಭಾಗಿಯ ಬೆನ್ನ ಹಿಂದೆಯೇ ಇಡುವುದು ಸರಿಯಲ್ಲವೆಂದು.

ಕುರ್ಚಿಯನ್ನು ಪರದೆಗೆ ತಕ್ಕ ಎತ್ತರಕ್ಕೆ ಏರಿಸಿದರೆ ಗಿಡ್ಡಗಿರುವವರ ಕಾಲು ನೆಲಕ್ಕೆ ಎಟುಕುವುದಿಲ್ಲ. ಎಟುಕುವಂತೆ ತಗ್ಗಿಸಿದರೆ ಕಣ್ಣು ಪರದೆಯ ನಡುವಿಗಿಂತ ಕೆಳಗೆ ಹೋಗಿ ಕತ್ತು ಮೇಲೆತ್ತಬೇಕಾಗುತ್ತದೆ. ಬೇರೆಬೇರೆ ಎತ್ತರದ ಎರಡು ಮರದ ಕಾಲುಮಣೆಗಳನ್ನು ಬಡಗಿಯಿಂದ ಮಾಡಿಸಿದ ಮೇಲೆ ಕುರ್ಚಿಯನ್ನು ಕಣ್ಣಿನ ಮಟ್ಟಕ್ಕೆ, ಮಣೆಯನ್ನು ಪಾದದ ಮಟ್ಟಕ್ಕೆ ಬೇರೆಬೇರೆಯಾಗಿ ಹೊಂದಿಸುವುದು ಸಾಧ್ಯವಾಯಿತು. ಕುರ್ಚಿಗೆ ಹಾಕಿದ ಹಣಕ್ಕಿಂತ ಈ ಮಣೆಗಳಿಗೆ ಹಾಕಿದ ಅಲ್ಪ ಹಣವೇ ಹೆಚ್ಚು ಫಲ ಕೊಟ್ಟಿತೆಂದು ನನ್ನ ಎಣಿಕೆ. ಆಸನ ಅಗಲವಾಗಿರಬೇಕೆಂದೂ ಹುಡುಕಿದೆ, ಏಕೆಂದರೆ ನಮ್ಮಲ್ಲಿ ಬಹಳ ಮಂದಿ ಬಿಡುವು ಸಿಕ್ಕೊಡನೆ ಕಾಲನ್ನು ಮೇಲಕ್ಕೆಳೆದು ಚಕ್ಕಳಮಕ್ಕಳ ಹಾಕಿಕೊಳ್ಳುತ್ತಾರೆ. ಅದನ್ನು ತಡೆಯುವುದಕ್ಕಿಂತ, ಪ್ರಯೋಗದ ತುಣುಕುಗಳ ನಡುವೆ ಹಾಗೆ ಕುಳಿತುಕೊಳ್ಳಲು ಬಿಡುವುದೇ ಜಾಣತನ.

ಕುರ್ಚಿಗೆ ಕೈಗಳಿರಲೇಬೇಕು. ಗುಂಡಿಪೆಟ್ಟಿಗೆ ಹಿಡಿದ ಮುಂಗೈಗೆ ಆಸರೆಯಿಲ್ಲದಿದ್ದರೆ ಭುಜ ಮೇಲೇರುತ್ತದೆ, ಮೊಣಕಾಲು ನೋವಿರುವ ಹಿರಿಯರಿಗೆ ಏಳುವಾಗ ಊರಿಕೊಳ್ಳಲು ಬೇರೇನೂ ಇರುವುದಿಲ್ಲ. ಬಲಗಡೆಗೆ ಮಾತ್ರ ಹಲಗೆಯಿರುವ ತರಗತಿಯ ಕುರ್ಚಿ ಎಡಗೈಯವರಿಗೆ ಒಗ್ಗದು. ಗಾಲಿಕುರ್ಚಿಯಲ್ಲಿ ಬರುವವರನ್ನು ಅದರಿಂದ ಇಳಿಸುವ ಯೋಚನೆಯನ್ನೇ ಮಾಡಬಾರದು. ನಮ್ಮ ಕುರ್ಚಿಯನ್ನು ಹೊರಗಿಟ್ಟು, ಮೇಜಿನ ಎತ್ತರವನ್ನು ಅವರಿಗೆ ತಕ್ಕಂತೆ ಬದಲಿಸುತ್ತೇವೆ. ಬಾಗಿಲಿನ ಅಗಲವನ್ನೂ ಆಗಲೇ ಅಳೆದು ನೋಡಿದ್ದೆ.

ಹೊದಿಕೆಯ ಆಯ್ಕೆಯಲ್ಲಿ ಯಾವುದೂ ಪೂರ್ತಿ ತೃಪ್ತಿ ಕೊಡುವುದಿಲ್ಲ. ಬಟ್ಟೆಯ ಹೊದಿಕೆ ಜೆಲ್ಲನ್ನೂ ಬೆವರನ್ನೂ ಹೀರುತ್ತದೆ. ರೆಕ್ಸಿನನ್ನು ಸ್ಪಿರಿಟಿನಿಂದ ಒರೆಸಬಹುದು, ಆದರೆ ಬೇಸಿಗೆಯಲ್ಲಿ ಬೆನ್ನು ಬೆವರುತ್ತದೆ, ಸೆಖೆಗೆ ತಲೆಯೂ ಬೆವರಿದರೆ ಆ ಬೆವರು ಇಇಜಿಯ ಗೆರೆಯನ್ನು ನಿಧಾನವಾಗಿ ಮೇಲೆ ಕೆಳಗೆ ತೇಲಿಸುತ್ತದೆ. ರೆಕ್ಸಿನನ್ನೇ ಒಪ್ಪಿಕೊಂಡು ಅದರ ಮೇಲೆ ಒಬ್ಬೊಬ್ಬರಿಗೂ ಒಗೆದ ಹತ್ತಿಯ ಹಾಸನ್ನು ಹಾಕುತ್ತೇವೆ.

ಕೊಳ್ಳುವ ಹಂತದಲ್ಲಿ ಒಂದು ಮಾತು. ಸರ್ಕಾರಿ ಅನುದಾನದ ಹಲವು ಸಂಸ್ಥೆಗಳು ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲಿನ ಮೂಲಕ ಕೊಳ್ಳುವುದರಿಂದ, ಬೇಡಿಕೆಯ ವಿವರದಲ್ಲಿ ‘ಆರಾಮದಾಯಕ’ ಎಂಬಂಥ ಪದಗಳನ್ನು ಬರೆದರೆ ಯಾವ ಕುರ್ಚಿಯಾದರೂ ಬಂದೀತು. ಆಸನದ ಕನಿಷ್ಠ ಎತ್ತರ, ಆಳ, ಅಗಲ, ಒರಗಿನ ಎತ್ತರ ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಬರೆಯುವುದು ಕ್ಷೇಮ. ಅದಕ್ಕೆ ಮುನ್ನ ಪರಿಚಿತರ ಕಚೇರಿಗಳಿಂದ ಬೇರೆಬೇರೆ ಕುರ್ಚಿಗಳನ್ನು ಎರವಲು ತಂದು, ಗಿಡ್ಡ, ಉದ್ದ, ದಪ್ಪ, ತೆಳು ಮೈಕಟ್ಟಿನ ಸಹೋದ್ಯೋಗಿಗಳಿಗೆ ಟೋಪಿ ತೊಡಿಸಿ ಅರ್ಧ ಗಂಟೆ ಕೂರಿಸಿ ದಾಖಲಿಸಿಕೊಂಡೆ. ಮೊದಲ ಐದು ನಿಮಿಷದಲ್ಲಿ ಎಲ್ಲ ಕುರ್ಚಿಯೂ ಚೆನ್ನಾಗಿಯೇ ಕಾಣುತ್ತದೆ. ಇಪ್ಪತ್ತು ನಿಮಿಷ ದಾಟಿದ ಮೇಲೆ ಕುತ್ತಿಗೆಯ ಹತ್ತಿರದ ಎಲೆಕ್ಟ್ರೋಡುಗಳಲ್ಲಿ ದಪ್ಪನೆಯ ಒರಟು ಗೆರೆ ಬರತೊಡಗಿತೇ, ಕುಳಿತವರು ಎಷ್ಟು ಸಲ ಮಗ್ಗುಲು ಬದಲಿಸಿದರು, ಬದಲಿಸಿದಾಗ ಕುರ್ಚಿ ಕಿರುಗುಟ್ಟಿತೇ ಎಂಬುದನ್ನು ನೋಡಿ ತೀರ್ಮಾನಿಸಿದೆ. ಶಬ್ದ ಕೇಳಿಸುವ ಪ್ರಯೋಗಗಳಿಗೆ ಆ ಕಿರುಗುಟ್ಟುವಿಕೆಯೊಂದೇ ಕುರ್ಚಿಯನ್ನು ತಿರಸ್ಕರಿಸಲು ಸಾಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ಸಹಭಾಗಿಗಳು ಯಾವಾಗ ಬೇಕಾದರೂ ಪ್ರಯೋಗದಿಂದ ಹಿಂದೆ ಸರಿಯಬಹುದು. ಒಪ್ಪಿಗೆ ಪತ್ರದಲ್ಲಿ ಹಾಗೆಂದು ಬರೆದು, ಮುಂದೆ ಮೇಜು, ಗದ್ದದ ಆಸರೆ, ಹಿಂದೆ ತಂತಿಗಳನ್ನಿಟ್ಟು ಅಲುಗಾಡದಂತೆ ಕೂರಿಸಿದರೆ ಏಳಬೇಕೆನಿಸಿದವರು ಸಂಕೋಚದಿಂದ ಸುಮ್ಮನಿದ್ದುಬಿಡುತ್ತಾರೆ. ಅದಕ್ಕಾಗಿ ಕುರ್ಚಿಯ ಎಡಬದಿಯನ್ನು ಖಾಲಿ ಬಿಟ್ಟಿದ್ದೇವೆ, ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರನ್ನು ಒರಗಿನ ಹಿಂದೆ ತೂಗುಹಾಕಿ ಟೋಪಿಯ ಕನೆಕ್ಟರನ್ನು ಒಂದೇ ಕೈಯಿಂದ ಬಿಚ್ಚುವಂತೆ ಜೋಡಿಸಿದ್ದೇವೆ, ಶುರುಮಾಡುವ ಮುನ್ನ ಪ್ರತಿಯೊಬ್ಬರಿಂದಲೂ ಒಮ್ಮೆ ಅದನ್ನು ಬಿಚ್ಚಿಸಿ, ಎದ್ದು ನಿಲ್ಲಿಸಿ, ಮತ್ತೆ ಕೂರಿಸುತ್ತೇವೆ.