ಪಿಯಾನೋ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುವುದು: ಚಿಕ್ಕಮಗಳೂರಿನ ಮಳೆ, ಕರೆಂಟುಗಳ ನಡುವೆ ನಾನು ಮಾಡುವ ಕ್ರಮ

ವೀಣೆಯ ಗ್ರಾಮಫೋನ್ ಪ್ಲೇಟಿನಲ್ಲಿ ಶ್ರುತಿ ಕೂದಲೆಳೆಯಷ್ಟು ಅಲುಗಿದರೆ ಕಿವಿ ಅದನ್ನು ಗಮಕದ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತದೆ. ಪಿಯಾನೋಗೆ ಆ ರಿಯಾಯಿತಿ ಇಲ್ಲ. ಸುತ್ತಿಗೆ ತಂತಿಗೆ ಬಡಿದ ಮೇಲೆ ಆ ಸ್ವರವನ್ನು ಏರಿಸಲು ಇಳಿಸಲು ನುಡಿಸುವವರಿಗೆ ದಾರಿಯೇ ಇಲ್ಲ. ಅದು ಇದ್ದಲ್ಲೇ ನಿಂತು ಮೆಲ್ಲನೆ ಕರಗಬೇಕು. ಕೆಂಫ್ ನುಡಿಸಿರಲಿ, ರೂಬಿನ್‌ಸ್ಟೈನ್ ನುಡಿಸಿರಲಿ, ಉದ್ದನೆಯ ಸ್ವರ ಒಲೆದಾಡಿತೆಂದರೆ ದೋಷ ಪ್ಲೇಟಿನದು ಇಲ್ಲವೇ ಯಂತ್ರದ್ದು. ಎಲ್‌ಪಿಯಿಂದ (ನಿಮಿಷಕ್ಕೆ 33⅓ ಸುತ್ತು ತಿರುಗುವ ದೊಡ್ಡ ಪ್ಲೇಟು) ಪಿಯಾನೋ ಸಂಗೀತವನ್ನು ಡಿಜಿಟಲ್‌ಗೆ ಇಳಿಸುವಾಗ ನಾನು ಮಾಡುವ ಕೆಲಸವೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ.

ನನ್ನ ಕೈಗೆ ಬರುವ ಪ್ಲೇಟುಗಳು ಹೆಚ್ಚಿನವು ಮೂಡಿಗೆರೆ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳವು. ಅಂದರೆ ಮೊದಲ ಶತ್ರು ಬೂಷ್ಟು. ಎಲ್‌ಪಿಯ ಪ್ಲಾಸ್ಟಿಕ್ ಬೂಷ್ಟಿಗೆ ಅಂಥ ಒಳ್ಳೆಯ ಆಹಾರವಲ್ಲ. ಅದು ಬೆಳೆಯುವುದು ಬೆರಳಿನ ಜಿಡ್ಡು, ಧೂಳು ಮತ್ತು ಒಳಗಿನ ಕಾಗದದ ಲಕೋಟೆಯ ಮೇಲೆ. ಆದ್ದರಿಂದ ಆ ಕಾಗದದ ಲಕೋಟೆಯನ್ನು ಮೊದಲು ಎಸೆಯಿರಿ. ಅದನ್ನು ಉಳಿಸಿಕೊಂಡು ಪ್ಲೇಟು ತೊಳೆದರೆ ಮುಂದಿನ ಆರಿದ್ರ ಮಳೆಗೆ ಬೂಷ್ಟು ಮತ್ತೆ ಹಾಜರು. ಹೊರಗಿನ ರಟ್ಟಿನ ಜಾಕೆಟ್ಟನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಇಡಿ. ಒಣ ಬೂಷ್ಟನ್ನು ಮೆತ್ತನೆಯ ಬ್ರಷ್ಷಿನಿಂದ ಜಗಲಿಯಲ್ಲೋ ಅಂಗಳದಲ್ಲೋ ಕೊಡವಬೇಕು, ಮೂಗಿಗೆ ಮಾಸ್ಕ್ ಇರಲಿ.

ತೊಳೆಯುವ ದ್ರಾವಣ: ಡಿಸ್ಟಿಲ್ಡ್ ವಾಟರ್ 800 ಮಿ.ಲೀ., ಐಸೊಪ್ರೊಪೈಲ್ ಆಲ್ಕೋಹಾಲ್ 200 ಮಿ.ಲೀ., ಫೋಟೋ ಫಿಲಂ ತೊಳೆಯುವವರು ಬಳಸುವ ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಹರಡುವಂತೆ ಮಾಡುವ ದ್ರವ) ಎರಡು ಮೂರು ಹನಿ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಆದರೆ ಅಲ್ಲೇ ಪಕ್ಕದಲ್ಲಿ ಆಸಿಡ್ ಕ್ಯಾನೂ ಇರುತ್ತದೆ. ಲೇಬಲ್ ಓದಿ ತನ್ನಿ. ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಸುಣ್ಣದಂಶ ಗೆರೆಯೊಳಗೆ ಒಣಗಿ ಕೂತರೆ ಚಟಚಟ ಸದ್ದು ತೊಳೆಯುವ ಮೊದಲಿದ್ದದ್ದಕ್ಕಿಂತ ಹೆಚ್ಚುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಬಣ್ಣ, ವಾಸನೆ ಸೇರಿಸಿರುತ್ತಾರೆ, ಅವೂ ಗೆರೆಯಲ್ಲೇ ಉಳಿಯುತ್ತವೆ. ದ್ರಾವಣ ಹಾಕಿ ಎರಡು ನಿಮಿಷ ನೆನೆಯಲು ಬಿಟ್ಟು, ಗೆರೆ ಹೋದ ದಿಕ್ಕಿನಲ್ಲೇ ಬ್ರಷ್ ಆಡಿಸಿ, ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಎರಡು ಸಲ ತೊಳೆಯುತ್ತೇನೆ. ನಡುವಿನ ಲೇಬಲ್ 10 ಸೆಂ.ಮೀ. ಅಗಲ ಇರುತ್ತದೆ, ಅದಕ್ಕಿಂತ ಸ್ವಲ್ಪವೇ ದೊಡ್ಡದಾದ ಡಬ್ಬಿ ಮುಚ್ಚಳಕ್ಕೆ ರಬ್ಬರ್ ಅಂಟಿಸಿ ಅದುಮಿ ಹಿಡಿದರೆ ಕಾಗದ ಒದ್ದೆಯಾಗದು. ಒಣಗಿಸಲು ಪ್ಲಾಸ್ಟಿಕ್ ತಟ್ಟೆ ಸ್ಟ್ಯಾಂಡ್ ಸಾಕು. ಈ ಕೆಲಸವನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿ ಮುಗಿಸಬೇಕು. ಜುಲೈನಲ್ಲಿ ಪ್ಲೇಟು ಒಣಗುವುದೇ ಇಲ್ಲ, ಫ್ಯಾನಿನ ಕೆಳಗಿಟ್ಟರೂ ಗೆರೆಯ ಆಳದಲ್ಲಿ ಪಸೆ ಉಳಿದಿರುತ್ತದೆ.

78 ವೇಗದ (ನಿಮಿಷಕ್ಕೆ 78 ಸುತ್ತು) ಹಳೆಯ ಅರಗಿನ ಪ್ಲೇಟುಗಳಿಗೆ ಮಾತ್ರ ಮೇಲಿನ ದ್ರಾವಣ ತಾಗಿಸಬಾರದು. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಅವಕ್ಕೆ ನೀರು ಮತ್ತು ವೆಟಿಂಗ್ ಏಜೆಂಟ್ ಅಷ್ಟೇ, ಅದೂ ಬೇಗ ಬೇಗ.

ಇನ್ನು ವೇಗ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಇರುವುದೇ ಸುದ್ದಿ. ಹಳೆಯ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್‌ಗಳಲ್ಲಿ ಎಸಿ ಸಿಂಕ್ರನಸ್ ಮೋಟಾರ್ ಇರುತ್ತದೆ. ಅದರ ವೇಗ ನಿಂತಿರುವುದು ವೋಲ್ಟೇಜಿನ ಮೇಲಲ್ಲ, ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತದೆ ಎಂಬುದರ ಮೇಲೆ, ಅಂದರೆ ನಮ್ಮ 50 ಹರ್ಟ್ಸ್‌ನ ಮೇಲೆ. ವೋಲ್ಟೇಜ್ 200ಕ್ಕೆ ಇಳಿದರೂ ಶ್ರುತಿ ನಿಲ್ಲುತ್ತದೆ, ಆದರೆ ತೋಟದ ಡೀಸೆಲ್ ಜನರೇಟರ್ 51 ಹರ್ಟ್ಸ್ ಕೊಟ್ಟರೆ ಪ್ಲೇಟು ಶೇ. 2ರಷ್ಟು ವೇಗವಾಗಿ ಓಡಿ ಶ್ರುತಿ 34 ಸೆಂಟ್ ಏರುತ್ತದೆ. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್; ಅದರಲ್ಲಿ ಮೂರನೇ ಒಂದು ಭಾಗ ಎಂದರೆ ಕಡಿಮೆಯಲ್ಲ. ಅಗ್ಗದ ಇನ್ವರ್ಟರುಗಳ ಚೌಕ ಅಲೆ ಇನ್ನೊಂದು ಕಾಟ; ಮೋಟಾರ್ ಗುಂಯ್‌ಗುಡುವುದು ಮುಳ್ಳಿನವರೆಗೂ ಬರುತ್ತದೆ. ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಯಂತ್ರಕ್ಕೆ ಈ ತಾಪತ್ರಯ ಇಲ್ಲ. ಅದು ಇಲ್ಲದಿದ್ದರೆ ಜನರೇಟರ್ ಮೇಲೆ ಪ್ಲೇಟು ಇಳಿಸಲೇಬೇಡಿ, ಮೇನ್ ಲೈನ್ ಬರುವವರೆಗೆ ಕಾಯಿರಿ. ಮಧ್ಯದಲ್ಲಿ ಕರೆಂಟು ಹೋದರೆ ಆ ಬದಿಯನ್ನು ಮೊದಲಿನಿಂದ ಶುರುಮಾಡುವುದೇ ವಾಸಿ. ಜೋಡಿಸಿದ ಜಾಗದಲ್ಲಿ ಪಿಯಾನೋದ ಅನುರಣನ ಹರಿದಿರುವುದು ಕೇಳಿಸಿಯೇ ತೀರುತ್ತದೆ.

ವೇಗ ನೋಡಲು 33⅓ರ ಸ್ಟ್ರೋಬ್ ಡಿಸ್ಕ್ ಬಳಸಿ; ವೇಗ ಸರಿಯಿದ್ದರೆ ಮಿನುಗುವ ದೀಪದ ಕೆಳಗೆ ಅದರ ಗೀಟುಗಳು ನಿಂತಂತೆ ಕಾಣುತ್ತವೆ. ನಮ್ಮ 50 ಹರ್ಟ್ಸ್‌ಗೆ ಅದರಲ್ಲಿ 180 ಗೀಟುಗಳಿರಬೇಕು. 60 ಹರ್ಟ್ಸ್ ದೇಶಗಳ ಡಿಸ್ಕ್ ತಂದರೆ ಉಪಯೋಗವಿಲ್ಲ. ಎಲ್‌ಇಡಿ ಬಲ್ಬಿನ ಕೆಳಗೆ ಗೀಟುಗಳು ಸರಿಯಾಗಿ ನಿಲ್ಲುವುದಿಲ್ಲ, ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಅಥವಾ ಟೆಸ್ಟರಿನಂಥ ನಿಯಾನ್ ದೀಪ ಬೇಕು. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಶ್ರುತಿ ನೋಡುವುದಾದರೆ ನಡುವಿನ ಸಪ್ತಕದ 440 ಹರ್ಟ್ಸ್ ಸುತ್ತಲಿನ ಸ್ವರವನ್ನೇ ಆರಿಸಿಕೊಳ್ಳಿ. ಪಿಯಾನೋ ಶ್ರುತಿ ಮಾಡುವವರು ಮೇಲಿನ ಸಪ್ತಕಗಳನ್ನು ಬೇಕೆಂದೇ ತುಸು ಏರಿಸಿ, ಕೆಳಗಿನವನ್ನು ತುಸು ಇಳಿಸಿ ಕೂರಿಸಿರುತ್ತಾರೆ; ಆ ಕೊನೆಗಳನ್ನು ನಂಬಿ ವೇಗ ತಿದ್ದಿದರೆ ಸರಿಯಿದ್ದದ್ದೂ ಕೆಡುತ್ತದೆ.

ಸರಾಸರಿ ವೇಗ ಸರಿಯಿದ್ದೂ ಸ್ವರ ತೊಟ್ಟಿಲಂತೆ ತೂಗುತ್ತಿದ್ದರೆ, ಮತ್ತು ಆ ತೂಗಾಟ 1.8 ಸೆಕೆಂಡಿಗೊಮ್ಮೆ ಮರಳುತ್ತಿದ್ದರೆ, ಪ್ಲೇಟಿನ ರಂಧ್ರ ಸರಿಯಾಗಿ ನಡುವಿನಲ್ಲಿಲ್ಲ ಎಂದರ್ಥ. 33⅓ ವೇಗದಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲ ಅದೇ. ಅರ್ಧ ಮಿಲಿಮೀಟರ್ ಸರಿದಿದ್ದರೂ ಪ್ಲೇಟಿನ ಮಧ್ಯಭಾಗದಲ್ಲಿ, ಅಂದರೆ 10 ಸೆಂ.ಮೀ. ತ್ರಿಜ್ಯದಲ್ಲಿ, ಶ್ರುತಿ ಆಚೀಚೆ 9 ಸೆಂಟ್ ಅಲುಗುತ್ತದೆ. ಒಳಗೆ 6 ಸೆಂ.ಮೀ. ಬಳಿ 14 ಸೆಂಟ್. ಬೀಥೋವನ್ನನ ಮೂನ್‌ಲೈಟ್ ಸೊನಾಟಾದ ಮೊದಲ ಭಾಗ ಕೇಳಿದರೆ ತಲೆ ತಿರುಗುವುದು ಇದರಿಂದಲೇ. ಪರೀಕ್ಷೆ ಸುಲಭ: ಪ್ಲೇಟು ತಿರುಗುವಾಗ ಮುಳ್ಳು ಹಿಡಿದಿರುವ ಆರ್ಮ್‌ನ ತಲೆಯನ್ನು ಮುಂದಿನಿಂದ ನೋಡಿ. ಅದು ಎಡಬಲಕ್ಕೆ 1 ಮಿ.ಮೀ. ಓಲಾಡಿದರೆ ಸರಿದದ್ದು ಅದರ ಅರ್ಧ. ಪೆನ್ಸಿಲಿಗೆ ನಯ ಎಮರಿ ಕಾಗದ ಸುತ್ತಿ 7.2 ಮಿ.ಮೀ. ರಂಧ್ರವನ್ನು 8ರವರೆಗೆ ಉಜ್ಜಿ ದೊಡ್ಡದು ಮಾಡಿಕೊಂಡು, ಪ್ಲೇಟನ್ನು ಬೆರಳಲ್ಲಿ ತಟ್ಟಿ ತಟ್ಟಿ ಓಲಾಟ ನಿಲ್ಲುವಲ್ಲಿ ಕೂರಿಸುತ್ತೇನೆ. ಉಜ್ಜಿದ ಪುಡಿ ಗೆರೆಗೆ ಬೀಳದಂತೆ ಮೊದಲೇ ಬಟ್ಟೆ ಮುಚ್ಚಿರಬೇಕು. ಅಪರೂಪದ ಪ್ಲೇಟಿಗೆ ಇದನ್ನು ಮಾಡಲು ಮನಸ್ಸು ಒಪ್ಪುವುದಿಲ್ಲ, ನಿಜ. ಸಾಫ್ಟ್‌ವೇರ್‌ನಲ್ಲಿ ತಿದ್ದುವವರೂ ಇದ್ದಾರೆ. ನನಗೆ ಎಮರಿ ಕಾಗದವೇ ಮೇಲು.

ಹಲಗೆ ಮಹಡಿಯ ಮನೆಯಾದರೆ ಟರ್ನ್‌ಟೇಬಲ್ ನೆಲದ ಸ್ಟ್ಯಾಂಡಿನಲ್ಲಿ ಬೇಡ. ಗೋಡೆಗೆ ಬ್ರಾಕೆಟ್ ಹೊಡೆದು ಅದರ ಮೇಲೆ ಕಲ್ಲಿನ ಚಪ್ಪಡಿ ಹಾಕಿ ಇಡಿ. ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿದರಾಯಿತು. ಹಂಚಿನ ಮೇಲೆ ಜಡಿಮಳೆ ಹೊಡೆಯುತ್ತಿದ್ದರೂ ಕೆಲಸ ನಿಲ್ಲಬೇಕಿಲ್ಲ: ಮುಳ್ಳಿಗೆ ಗಾಳಿಯ ಸದ್ದು ಲೆಕ್ಕಕ್ಕಿಲ್ಲ, ಅದಕ್ಕೆ ತೊಂದರೆ ನೆಲದ ಅದುರಾಟದಿಂದ. ಮೈಕ್ ಇಟ್ಟು ಪಿಯಾನೋ ರೆಕಾರ್ಡ್ ಮಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಈ ಭಾಗ್ಯವಿಲ್ಲ.

ಮುಳ್ಳಿನ ವಿಷಯದಲ್ಲಿ ಜಿಪುಣತನ ಬೇಡ. ಪಿಯಾನೋ ಕೃತಿಗಳ ಅಬ್ಬರದ ಕೊನೆ ಎಲ್‌ಪಿಯ ಒಳಸುತ್ತಿಗೇ ಬಂದು ಬೀಳುವುದು ಹೆಚ್ಚು. ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಓಡಿದರೆ ಲೇಬಲ್ ಹತ್ತಿರ 21 ಸೆಂ.ಮೀ. ಮಾತ್ರ. ಅಷ್ಟು ಇಕ್ಕಟ್ಟಿನಲ್ಲಿ ಬರೆದ ಎತ್ತರದ ಸ್ವರಗಳನ್ನು ದುಂಡು ಮುಳ್ಳು ಸವರಿಕೊಂಡು ಹೋಗುತ್ತದೆ, ಕೇಳುವಾಗ ಸುತ್ತಿಗೆಯ ಪೆಟ್ಟು ಒಡೆದ ಗಾಜಿನಂತಾಗುತ್ತದೆ. ಬೀಥೋವನ್ನನ ಅಪ್ಪಾಸಿಯೊನಾಟಾ ಸೊನಾಟಾದ ಕೊನೆಯ ಪ್ರೆಸ್ಟೊ (ಅತಿ ವೇಗದ ಭಾಗ) ಇದಕ್ಕೆ ಒಳ್ಳೆಯ ಪರೀಕ್ಷೆ. ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳು ಕನಿಷ್ಠ. ಆಡಿಯೋ ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ನನಗೆ ಸಾಕಾಗಿದೆ, ಮುಳ್ಳು ಒತ್ತುವ ಭಾರ 2.0 ಗ್ರಾಂ, 1.8ಕ್ಕೆ ಇಳಿಸಿದರೆ ಪ್ಲೇಟಿಗೆ ಹಿತ ಎಂದುಕೊಳ್ಳುವುದು ತಪ್ಪು ಲೆಕ್ಕ. ಹಗುರಾದ ಮುಳ್ಳು ಗೆರೆಯ ಗೋಡೆಗೆ ಬಡಿದಾಡಿ ಹೆಚ್ಚು ಹಾಳು ಮಾಡುತ್ತದೆ. ಕಾರ್ಟ್ರಿಜ್ ಕೋನವನ್ನು ಪ್ಲೇಟಿನ ನಡುವಿನಿಂದ 66 ಮತ್ತು 120.9 ಮಿ.ಮೀ. ಬಿಂದುಗಳಿಗೆ ಹೊಂದಿಸಿ. 78ಕ್ಕೆ 3 ಮಿಲ್‌ನ (ಇಂಚಿನ ಸಾವಿರದಲ್ಲಿ ಮೂರು ಭಾಗ) ಬೇರೆ ಮುಳ್ಳು ಬೇಕೇಬೇಕು, ಎಲ್‌ಪಿ ಮುಳ್ಳು ಆ ಅಗಲ ಗೆರೆಯ ತಳದಲ್ಲಿ ಕಸ ಗುಡಿಸುತ್ತದೆ ಅಷ್ಟೆ. ಕೆಂಫ್ ಬೀಥೋವನ್ನನ 32 ಸೊನಾಟಾಗಳನ್ನು ಡಾಯ್ಚ ಗ್ರಾಮಫೋನ್ ಕಂಪನಿಗೆ 1950ರ ದಶಕದಲ್ಲಿ ಮೊನೋದಲ್ಲೂ 1964–65ರಲ್ಲಿ ಸ್ಟೀರಿಯೋದಲ್ಲೂ ನುಡಿಸಿದ್ದಾರೆ. ಎರಡರ ಜಾಕೆಟ್ಟೂ ನಿಮ್ಮ ಕೈಗೆ ಬರಬಹುದು. ಮೊನೋ ಆಗಿದ್ದರೆ ಎಡಬಲ ಚಾನೆಲ್ ಕೂಡಿಸಿ ಒಂದು ಮಾಡಿ, ಚಟಚಟ ಸದ್ದು ಅಲ್ಲೇ ಸಾಕಷ್ಟು ಇಳಿಯುತ್ತದೆ.

ಗುಂಯ್ ಸದ್ದಿಗೆ ಬರೋಣ. ಹಳೆಯ ಮನೆಗಳ ವೈರಿಂಗಿನಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ. 50 ಹರ್ಟ್ಸ್ ಹಮ್ ಬಂದಾಗ ಸಾಫ್ಟ್‌ವೇರ್‌ನಲ್ಲಿ ಅದನ್ನು ಕತ್ತರಿಸಿ ಬಿಸಾಡೋಣ ಅನಿಸುತ್ತದೆ. ಪಿಯಾನೋದಲ್ಲಿ ಅದು ಆಗದು. ಕೆಳಗಿನ ‘ಜಿ’ ತಂತಿ 49 ಹರ್ಟ್ಸ್, ಅದರ ಮೇಲಿನ ಕರಿಮನೆ 51.9, ಅಗಲವಾದ ಫಿಲ್ಟರ್ ಹಾಕಿದರೆ ಎಡಗೈಯ ಎರಡು ಸ್ವರಗಳ ಬುಡವೇ ಹೋಗುತ್ತದೆ. ಟರ್ನ್‌ಟೇಬಲ್‌ನ ಅರ್ಥ್ ವೈರನ್ನು ಫೋನೋ ಪ್ರಿಆಂಪ್‌ಗೆ (ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಬಿಗಿಯಿರಿ, ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಹೆಚ್ಚಿನ ಹಮ್ ಇಷ್ಟರಲ್ಲೇ ತೊಲಗುತ್ತದೆ. ಬಾಗಿದ ಪ್ಲೇಟಿನ ಗುಡುಗುಡು ತೆಗೆಯಲು ಕೆಳಗಿನ ಸದ್ದನ್ನು ತಡೆಯುವ ಹೈಪಾಸ್ ಫಿಲ್ಟರನ್ನು 20 ಹರ್ಟ್ಸ್‌ಗೆ ಇಡುತ್ತೇನೆ. ಪಿಯಾನೋದ ಅತಿ ಕೆಳಗಿನ ಸ್ವರ 27.5, ಅದಕ್ಕೆ ಪೆಟ್ಟು ಬೀಳುವುದಿಲ್ಲ.

ರೆಕಾರ್ಡಿಂಗ್ 24 ಬಿಟ್, 96 ಕಿಲೋಹರ್ಟ್ಸ್. ನಿಮಿಷಕ್ಕೆ ಸುಮಾರು 35 ಎಂಬಿ, 25 ನಿಮಿಷದ ಒಂದು ಬದಿಗೆ 860ರ ಮೇಲೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಗೆರೆಗಳು ಅಗಲವಾಗಿ ಹರಡಿದ ಪಟ್ಟಿ ಕಾಣುತ್ತದೆ. ದೊಡ್ಡ ಸದ್ದು ಅಲ್ಲಿದೆ. ಅಲ್ಲಿ ನುಡಿಸಿ ಶಿಖರ ಮೈನಸ್ 6 ಡಿಬಿ ದಾಟದಂತೆ ಲೆವೆಲ್ ಕೂರಿಸಿ. ನಂತರ ನಾರ್ಮಲೈಸ್ ಮಾಡುವಾಗ (ಒಟ್ಟು ಸದ್ದನ್ನು ಏರಿಸುವಾಗ) ಇಡೀ ಸೊನಾಟಾಗೆ ಒಂದೇ ಏರಿಕೆ. ಭಾಗ ಭಾಗಕ್ಕೆ ಬೇರೆಬೇರೆ ಮಾಡಿದರೆ ಮೂನ್‌ಲೈಟ್‌ನ ಪಿಸುಮಾತಿನ ಮೊದಲ ಭಾಗ ಮೂರನೆಯದರಷ್ಟೇ ಜೋರಾಗಿ ಕೂಗುತ್ತದೆ, ನುಡಿಸಿದವರ ಅಳತೆಗೆ ಬೆಲೆಯಿಲ್ಲದಂತಾಗುತ್ತದೆ.

ಕ್ಲಿಕ್ ತೆಗೆಯುವುದು ಅತ್ಯಂತ ಅಪಾಯದ ಹಂತ. ಸಾಫ್ಟ್‌ವೇರಿಗೆ ಗೀರಿನ ‘ಟಕ್’ ಮತ್ತು ಸುತ್ತಿಗೆಯ ಪೆಟ್ಟು ಒಂದೇ ಜಾತಿ: ಎರಡೂ ಥಟ್ಟನೆ ಏಳುತ್ತವೆ. ಆಡಾಸಿಟಿ ಸಾಫ್ಟ್‌ವೇರಿನ ಕ್ಲಿಕ್ ರಿಮೂವಲ್‌ನಲ್ಲಿ ಥ್ರೆಶೋಲ್ಡ್ 200, ಅಗಲ 20 ಎಂದು ಇರುತ್ತದೆ. ಥ್ರೆಶೋಲ್ಡ್ ಸಂಖ್ಯೆ ಇಳಿಸಿದಷ್ಟೂ ಅದು ಹೆಚ್ಚು ಕಚ್ಚುತ್ತದೆ. ಎಷ್ಟು ಕಚ್ಚಿತು ಎಂದು ನೋಡಲು ಮೂಲ ಟ್ರ್ಯಾಕಿನ ಒಂದು ಪ್ರತಿಯನ್ನು ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ), ತಿದ್ದಿದ್ದರ ಜೊತೆ ಬೆರೆಸಿ ಕೇಳಿ. ಉಳಿಯುವುದು ತೆಗೆದ ಕಸ ಮಾತ್ರ. ಆ ಕಸದಲ್ಲಿ ಸಂಗೀತದ ತಾಳ ಕೇಳಿಸಿತೋ, ನೀವು ಪಿಯಾನೋವನ್ನೇ ಕಿತ್ತಿದ್ದೀರಿ. ದೊಡ್ಡ ಗೀರುಗಳನ್ನು ನಾನು ಕೈಯಿಂದಲೇ ‘ರಿಪೇರ್’ ಮೂಲಕ ಮುಚ್ಚುತ್ತೇನೆ. ಅದು ಒಂದು ಸಲಕ್ಕೆ 128 ಸ್ಯಾಂಪಲ್ ಹಿಡಿಯುತ್ತದೆ, 96 ಕಿಲೋಹರ್ಟ್ಸ್‌ನಲ್ಲಿ 1.3 ಮಿಲಿಸೆಕೆಂಡ್. ಹಿಸ್ (ಹಿನ್ನೆಲೆಯ ಸುಯ್ ಸದ್ದು) ತೆಗೆಯುವ ನಾಯ್ಸ್ ರಿಡಕ್ಷನ್ ಬಹುತೇಕ ಮುಟ್ಟುವುದೇ ಇಲ್ಲ. ಕರಗುವ ಸ್ವರದ ಬಾಲ ಹಿಸ್‌ನ ಕೆಳಗೂ ಸ್ವಲ್ಪ ದೂರ ಕಿವಿಗೆ ಸಿಗುತ್ತಿರುತ್ತದೆ, ಯಂತ್ರ ಆ ಬಾಲವನ್ನು ಕತ್ತರಿಸಿ ಉಳಿದದ್ದನ್ನು ನೀರೊಳಗಿನ ಸದ್ದು ಮಾಡುತ್ತದೆ. ತೀರಾ ಬೇಕಾದರೆ 6 ಡಿಬಿ, ಅದಕ್ಕಿಂತ ಹೆಚ್ಚಿಲ್ಲ. ಪಿಯಾನಿಸ್ಟ್ ಗ್ಲೆನ್ ಗೂಲ್ಡ್ ನುಡಿಸುತ್ತಾ ಗುನುಗುವುದು, ಇನ್ನೊಬ್ಬ ಪಿಯಾನಿಸ್ಟ್ ರಿಕ್ಟರ್‌ರ 1958ರ ಸೋಫಿಯಾ ಕಛೇರಿಯಲ್ಲಿ ಚಳಿಗಾಲದ ಸಭಿಕರು ಕೆಮ್ಮುವುದು, ಇವು ಕಸವಲ್ಲ. ಹಾಗೇ ಇರಲಿ.

ಟ್ರ್ಯಾಕ್ ಕತ್ತರಿಸುವಾಗ ಕೃತಿ ಗೊತ್ತಿರಬೇಕು. ಅಪ್ಪಾಸಿಯೊನಾಟಾದ ಎರಡನೆಯ ಭಾಗ ನಿಲ್ಲದೆ ಮೂರನೆಯದಕ್ಕೆ ಹಾಯುತ್ತದೆ, ವಾಲ್ಡ್‌ಸ್ಟೈನ್‌ನಲ್ಲೂ ಹಾಗೇ. ಅಲ್ಲಿ ಎರಡು ಸೆಕೆಂಡಿನ ಮೌನ ಸೇರಿಸಬಾರದು. ಶೂಮನ್ನನ ಕಾರ್ನವಲ್‌ನಂಥ ಚಿಕ್ಕ ಚಿಕ್ಕ ತುಣುಕುಗಳ ಸರವನ್ನು ಒಂದೇ ಫೈಲಾಗಿ ಬಿಡುವುದು ಒಳ್ಳೆಯದು. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್‌ಗೆ 32 ಟ್ರ್ಯಾಕು: 30 ವೇರಿಯೇಶನ್, ಮೊದಲಲ್ಲೂ ಕೊನೆಯಲ್ಲೂ ಆರಿಯಾ. ಗೂಲ್ಡ್‌ರದ್ದಾದರೆ ಹೆಸರಿನಲ್ಲಿ ವರ್ಷ ಕಡ್ಡಾಯ, ಏಕೆಂದರೆ 1955ರದ್ದು ಸುಮಾರು 38 ನಿಮಿಷ, 1981ರದ್ದು 51. ಬೇರೆಯೇ ಎರಡು ನುಡಿಸಾಣಿಕೆ. ಪಿಯಾನಿಸ್ಟ್ ಲಿಪಾಟಿಯ ಬೆಸಾನ್‌ಸೋನ್ (ಫ್ರಾನ್ಸ್) ಕಛೇರಿಯಲ್ಲಿ (16 ಸೆಪ್ಟೆಂಬರ್ 1950) ಶೋಪ್ಯಾನ್ ವಾಲ್ಟ್ಜ್‌ಗಳು 13 ಮಾತ್ರ ಸಿಗುತ್ತವೆ. ಹದಿನಾಲ್ಕನೆಯದು ತಪ್ಪಿಹೋಗಿದೆ ಎಂದು ಪ್ಲೇಟು ತಿರುವಿ ಹುಡುಕಬೇಡಿ, ತೀವ್ರ ಕಾಯಿಲೆಯಲ್ಲಿದ್ದ ಲಿಪಾಟಿಗೆ ಅದನ್ನು ನುಡಿಸಲು ಆಗಲಿಲ್ಲ. ಅವರು ನುಡಿಸಿದ ಸರದಿಯೂ ಓಪಸ್ (ಕೃತಿ) ಸಂಖ್ಯೆಯ ಸರದಿಯಲ್ಲ, ಆದ್ದರಿಂದ ಫೈಲ್ ಹೆಸರಿನ ಮೊದಲಿಗೆ ಪ್ಲೇಟಿನಲ್ಲಿರುವ ಕ್ರಮದ ಅಂಕಿ ಹಾಕಿ, ಓಪಸ್ ಆಮೇಲೆ.