ಇಳಿಜಾರಿನಲ್ಲಿ ಡೀಸೆಲ್ ಕಾರನ್ನು ಎಂಜಿನ್ನಿನಿಂದಲೇ ತಡೆದು ಇಳಿಸುವುದು ಹೇಗೆ?

ಪೆಟ್ರೋಲ್ ಕಾರು ಓಡಿಸಿ ಅಭ್ಯಾಸವಾದವರು ಡೀಸೆಲ್ ಕಾರಿನಲ್ಲಿ ಮೊದಲ ಬಾರಿ ಉದ್ದನೆಯ ಇಳಿಜಾರಿಗೆ ಬಂದಾಗ ಮಾಡುವ ತಪ್ಪು ಒಂದೇ ಬಗೆಯದು. ಪಕ್ಕದ ಸೀಟಿನಲ್ಲಿ ಕುಳಿತು ಅದನ್ನು ಹಲವು ಸಲ ನೋಡಿದ್ದೇನೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರು ತಾನಾಗಿಯೇ ನಿಧಾನವಾಗುತ್ತದೆಂದು ನಂಬಿ ನಾಲ್ಕನೆಯ ಗೇರಿನಲ್ಲೇ ಇಳಿಯತೊಡಗುತ್ತಾರೆ. ಕಾರು ನಿಧಾನವಾಗುವುದಿಲ್ಲ. ಆಗ ಬ್ರೇಕಿನ ಮೇಲಿಟ್ಟ ಕಾಲನ್ನು ತಳ ಮುಟ್ಟುವವರೆಗೂ ತೆಗೆಯುವುದಿಲ್ಲ.

ಇದಕ್ಕೆ ಕಾರಣ ಎಂಜಿನ್ನಿನ ಸ್ವಭಾವದಲ್ಲಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದೊಡನೆ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಮುಚ್ಚಿಕೊಳ್ಳುವುದರಿಂದ ಪಿಸ್ಟನ್‌ಗಳು ನಿರ್ವಾತದ ವಿರುದ್ಧ ಗಾಳಿ ಎಳೆಯಬೇಕಾಗುತ್ತದೆ, ಆ ಶ್ರಮವೇ ಕಾರನ್ನು ತಡೆಯುತ್ತದೆ. ಡೀಸೆಲ್ ಎಂಜಿನ್ ತನ್ನ ಶಕ್ತಿಯನ್ನು ಇಂಧನದ ಪ್ರಮಾಣದಿಂದ ನಿಯಂತ್ರಿಸುತ್ತದೆಯೇ ಹೊರತು ಗಾಳಿಯನ್ನು ಕಟ್ಟಿಹಾಕುವುದರಿಂದ ಅಲ್ಲ. ಡೀಸೆಲ್‌ನ ಹೆಚ್ಚಿನ ಕಂಪ್ರೆಷನ್ನೇ (ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವ ಕ್ರಿಯೆ) ಕಾರನ್ನು ಹಿಡಿಯುತ್ತದೆ ಎಂಬ ಮಾತು ಬಳಕೆಯಲ್ಲಿದ್ದರೂ, ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಮರಳಿ ತಳ್ಳಿ, ಪಡೆದ ಶಕ್ತಿಯ ಬಹುಭಾಗವನ್ನು ಹಿಂದಿರುಗಿಸಿಬಿಡುತ್ತದೆ. ಆ ಒತ್ತಿದ ಗಾಳಿಯನ್ನು ಸರಿಯಾದ ಕ್ಷಣದಲ್ಲಿ ಹೊರಬಿಡುವ ಬ್ರೇಕನ್ನು ಅಮೆರಿಕದ ಡೀಸೆಲ್ ಎಂಜಿನ್ ತಜ್ಞ ಕ್ಲೆಸಿ ಕಮಿನ್ಸ್ ರೂಪಿಸಿದ್ದು ಇದೇ ಕಾರಣಕ್ಕೆ. 1961ರಲ್ಲಿ ಅದು ಭಾರಿ ಲಾರಿಗಳಿಗೆ ಬಂದಿತು, ಸಾಮಾನ್ಯ ಕಾರುಗಳಲ್ಲಿ ಅದಿಲ್ಲ. ನಮಗೆ ಉಳಿಯುವುದು ಎಂಜಿನ್ನಿನ ಒಳಗಿನ ಘರ್ಷಣೆ, ಗಾಳಿಯನ್ನು ಒಳಗೆಳೆದು ಹೊರದೂಡುವ ಶ್ರಮ, ಪಂಪು ಮತ್ತು ಆಲ್ಟರ್ನೇಟರುಗಳ ಹೊರೆ. ಇವೆಲ್ಲ ಎಂಜಿನ್ ಜೋರಾಗಿ ತಿರುಗಿದಷ್ಟೂ ಹೆಚ್ಚುತ್ತವೆ. ಆದ್ದರಿಂದ ಡೀಸೆಲ್ ಕಾರಿನಲ್ಲಿ ತಡೆ ಬೇಕೆಂದರೆ ಅದನ್ನು ಗೇರಿನ ಮೂಲಕ ಪಡೆಯಬೇಕು.

ಹೊರಡುವ ಮೊದಲು ಬ್ರೇಕ್ ಆಯಿಲ್ ಎಷ್ಟು ಹಳೆಯದೆಂದು ನೋಡಿಕೊಳ್ಳಿ; ಬ್ರೇಕಿನ ಶಾಖಕ್ಕೆ ಅದು ಕುದಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ಆಯಿಲನ್ನು ಯಾರು ಉಚಿತವಾಗಿ ಕೊಟ್ಟರೂ ಹಾಕಿಸಬೇಡಿ. ಕಾಲಡಿಗೆ ದಪ್ಪ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು ಹಾಸಿದ್ದರೆ ಮೇಲಿನದನ್ನು ತೆಗೆದುಬಿಡಿ, ಅದು ಕ್ಲಚ್ ಪೂರ್ತಿ ಒತ್ತಲು ಬಿಡುವುದಿಲ್ಲ.

ಗೇರನ್ನು ಇಳಿಜಾರು ಆರಂಭವಾಗುವ ಮೊದಲೇ ಆರಿಸಿಕೊಳ್ಳಬೇಕು. ಹತ್ತಿದ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ಸೂತ್ರ ಹೊಸ ಡೀಸೆಲ್‌ಗಳಿಗೆ ಸಾಲದು. ಟರ್ಬೊ ಇರುವ ಈ ಎಂಜಿನ್‌ಗಳು ಕಡಿಮೆ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಬಲವಾಗಿ ಎಳೆಯುವುದರಿಂದ ಮೂರನೆಯ ಗೇರಿನಲ್ಲಿ ಸಲೀಸಾಗಿ ಹತ್ತಿದ ಏರನ್ನು ಇಳಿಯಲು ಎರಡನೆಯ ಗೇರೇ ಬೇಕಾಗಬಹುದು. ಕಾಲು ತೆಗೆದಾಗ ಎಂಜಿನ್ 2000ದಿಂದ 3000 ಆರ್‌ಪಿಎಂ ನಡುವೆ ತಿರುಗುತ್ತಾ ಕಾರಿನ ವೇಗ ಏರದಿದ್ದರೆ ಗೇರು ಸರಿಯಾಗಿದೆ ಎಂದರ್ಥ. ಆ ಸದ್ದಿಗೆ ಹೆದರಿ ಮೇಲಿನ ಗೇರಿಗೆ ಹೋಗಬೇಡಿ, ಎಂಜಿನ್ನಿಗೆ ಅದರಿಂದ ಯಾವ ಹಾನಿಯೂ ಇಲ್ಲ.

ಎಲ್ಲರೂ ಎಡವುವುದು ಇಳಿಯುತ್ತಿರುವಾಗಲೇ ಗೇರು ಇಳಿಸಬೇಕಾದ ಸಂದರ್ಭದಲ್ಲಿ. ಗಾಬರಿಯಿಂದ ಕ್ಲಚ್ ಒತ್ತುತ್ತಾರೆ. ಒತ್ತಿದ ಕ್ಷಣದಿಂದ ಕಾರಿಗೆ ಎಂಜಿನ್ನಿನ ತಡೆ ಇಲ್ಲವಾಗಿ ವೇಗ ಇನ್ನೂ ಏರುತ್ತದೆ. ಕೆಳಗಿನ ಗೇರು ಹಾಕಿ ಕ್ಲಚ್ ಥಟ್ಟನೆ ಬಿಟ್ಟಾಗ ಕಾರು ಮುಗ್ಗರಿಸುತ್ತದೆ. ಇದನ್ನು ಹೀಗೆ ಮಾಡಬೇಕು: ಮೊದಲು ಕ್ಲಚ್ ಮುಟ್ಟದೆ, ಗೇರಿನಲ್ಲಿರುವಾಗಲೇ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಕೆಳಗಿನ ಗೇರಿಗೆ ಒಗ್ಗುವಷ್ಟು ವೇಗವನ್ನು ಇಳಿಸಿ. ಬಳಿಕ ನೇರ ರಸ್ತೆಯಲ್ಲಿ, ತಿರುವಿನೊಳಗೆ ಅಲ್ಲ, ಕ್ಲಚ್ ಒತ್ತಿ ಒಂದೇ ಗೇರು ಕೆಳಕ್ಕೆ ಬನ್ನಿ. ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಆರ್‌ಪಿಎಂ ಏರಿಸಿ. ಡೀಸೆಲ್ ಎಂಜಿನ್ನಿನ ತಿರುಗುವ ಭಾಗಗಳು ಭಾರವಾಗಿರುವುದರಿಂದ ಪೆಟ್ರೋಲಿನಂತೆ ತಟ್ಟಿ ಬಿಟ್ಟರೆ ಅದು ಸ್ಪಂದಿಸುವುದಿಲ್ಲ, ಅರ್ಧ ಕ್ಷಣ ಹೆಚ್ಚು ಒತ್ತಿ ಹಿಡಿಯಬೇಕು. ನಂತರ ಕ್ಲಚ್ಚನ್ನು ಕಚ್ಚುವ ಹಂತದಲ್ಲಿ, ಅಂದರೆ ಎಂಜಿನ್ ಚಕ್ರಗಳಿಗೆ ಮತ್ತೆ ಕೂಡಿಕೊಳ್ಳತೊಡಗುವಲ್ಲಿ, ತುಸು ತಡೆದು ಪೂರ್ತಿ ಬಿಡಿ. ಇದು ಕೈಗೂಡುವವರೆಗೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ.

ಎರಡು ಗೇರು ಒಟ್ಟಿಗೆ ಇಳಿಸುವುದನ್ನು ನಾನು ಯಾರಿಗೂ ಕಲಿಸುವುದಿಲ್ಲ. ಬಹುತೇಕ ಡೀಸೆಲ್ ಕಾರುಗಳ ಕೆಂಪು ಗೆರೆ, ಅಂದರೆ ಎಂಜಿನ್ ದಾಟಬಾರದ ಮಿತಿ, 4500ರಿಂದ 5000 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ಎಂಜಿನ್ನಿನ ಕಂಪ್ಯೂಟರ್ ಅತಿವೇಗವನ್ನು ತಡೆಯುವುದು ಇಂಧನ ನಿಲ್ಲಿಸುವ ಮೂಲಕ ಮಾತ್ರ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವಾಗ ಅದು ಏನೂ ಮಾಡಲಾರದು. ಒದ್ದೆ ರಸ್ತೆಯಲ್ಲಿ ಇನ್ನೊಂದು ಅಪಾಯವಿದೆ. ಎಂಜಿನ್ನಿನ ತಡೆ ಎಳೆಯುವ ಚಕ್ರಗಳಿಗೆ ಮಾತ್ರ ತಲುಪುವುದರಿಂದ ಕ್ಲಚ್ ಥಟ್ಟನೆ ಬಿಟ್ಟರೆ ಆ ಚಕ್ರಗಳು ಜಾರುತ್ತವೆ.

ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಜೆಕ್ಟರುಗಳು ಸಾಮಾನ್ಯವಾಗಿ ಇಂಧನವನ್ನೇ ಬಿಡುವುದಿಲ್ಲ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ನಿಲ್ಲದಂತೆ ಬಿಡುತ್ತಲೇ ಇರಬೇಕು. ಆದರೆ ಆರ್‌ಪಿಎಂ ಐಡಲ್ ಮಟ್ಟದ (ನಿಂತ ಕಾರಿನಲ್ಲಿ ಎಂಜಿನ್ ತಿರುಗುವ ವೇಗ) ಹತ್ತಿರ ಇಳಿದರೆ ಗೇರಿನಲ್ಲಿದ್ದರೂ ಇಂಧನ ಮತ್ತೆ ಹರಿದು ತಡೆ ಮಾಯವಾಗುತ್ತದೆ. ಮೇಲಿನ ಗೇರಿನಲ್ಲಿ ನಿಧಾನವಾಗಿ ಇಳಿಯುವವರಿಗೆ ಕಾರು ಮುಂದಕ್ಕೆ ತಳ್ಳಿದಂತೆ ಅನಿಸುವುದು ಇದರಿಂದ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಕೆಲವೇ ಸಲ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ.

ಇಳಿಯುವ ಉದ್ದಕ್ಕೂ ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ, ಸವರುತ್ತಾ ಇರಬೇಡಿ. 1500 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯುವಾಗ ಸುಮಾರು 2 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಎಲ್ಲಿಗಾದರೂ ಹೋಗಬೇಕು; ಎಂಜಿನ್ ತೆಗೆದುಕೊಳ್ಳದ ಪಾಲಿನ ಹೆಚ್ಚಿನಂಶ ಡಿಸ್ಕುಗಳಲ್ಲಿ ಶಾಖವಾಗುತ್ತದೆ. ಎಂಜಿನ್ ತಡೆಯಿಂದ ನಿಧಾನವಾದಾಗ ಬ್ರೇಕ್ ದೀಪ ಹೊತ್ತಿಕೊಳ್ಳದ ಕಾರಣ, ಹಿಂದೆ ವಾಹನವಿದ್ದರೆ ಪೆಡಲನ್ನು ಒಮ್ಮೆ ತಟ್ಟಿ ಸೂಚನೆ ಕೊಡಿ.

ತಳ ಮುಟ್ಟಿದ ಮೇಲೆ ಸುಟ್ಟ ವಾಸನೆ ಬಂದರೆ ಡಿಸ್ಕಿಗೆ ನೀರು ಎರಚಬೇಡಿ, ಬಿಸಿ ಲೋಹ ಸೊಟ್ಟಗಾಗಬಹುದು. ಪೆಡಲ್ ಗಟ್ಟಿಯಾಗಿಯೇ ಇದ್ದರೆ ಕೆಲವು ನಿಮಿಷ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಗಾಳಿಗೆ ತಣಿಯಲು ಬಿಡಿ. ಪೆಡಲ್ ಮೆತ್ತಗಾಗಿದ್ದರೆ ಕಾರನ್ನು ಬದಿಗೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ಆಯಿಲ್ ಬದಲಿಸುವವರೆಗೆ ಮುಂದಿನ ಇಳಿಜಾರಿಗೆ ಹೋಗಬೇಡಿ.