ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ: ಮಲೆನಾಡಿನಲ್ಲಿ ನನ್ನ ಮೌಂಟನ್ ಬೈಕ್

ಶಿರಸಿ, ಸಿದ್ದಾಪುರದ ಕಡೆಯ ಕೆಂಪು ಮಣ್ಣಿನ ದಾರಿಗಳಲ್ಲಿ ಮೌಂಟನ್ ಬೈಕ್ ಓಡಿಸಲು ಹೊಸದಾಗಿ ಹೊರಟವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ಕೆಸರಿಗಿಂತ ನೀರಿಗೆ ಹೆಚ್ಚು ಹೆದರಬೇಕು. ಒಂದೆರಡು ದಿನ ಕೆಸರು ಅಂಟಿಕೊಂಡಿದ್ದರೆ ಸೈಕಲ್ಲಿನ ಚೌಕಟ್ಟಿಗೆ ಏನೂ ಆಗುವುದಿಲ್ಲ. ಆದರೆ ಚೊಕ್ಕಟವಾಗಿ ತೊಳೆದು, ಒದ್ದೆಯಾಗಿಯೇ ಜಗುಲಿಗೆ ಒರಗಿಸಿಟ್ಟರೆ ಆಷಾಢದ ತೇವಕ್ಕೆ ಬೆಳಗಾಗುವಷ್ಟರಲ್ಲಿ ಚೈನಿನ ಮೇಲೆ ತುಕ್ಕು ಕಾಣಿಸಿಕೊಳ್ಳುತ್ತದೆ.

ತೊಳೆಯಲು ನಾನು ವಿಶೇಷ ಸಲಕರಣೆಗಳನ್ನೇನೂ ಕೊಂಡಿಲ್ಲ. ಎರಡು ಬಕೆಟ್, ಎರಡು ಸ್ಪಂಜು, ಬಾಟಲಿ ತೊಳೆಯುವ ಬ್ರಷ್, ಹಳೆಯ ಟೂತ್‌ಬ್ರಷ್, ಹರಿದ ಹತ್ತಿಯ ಪಂಚೆಯ ತುಂಡುಗಳು, ಇಷ್ಟೇ. ಒಂದು ಬಕೆಟ್ ಮತ್ತು ಅದರ ಸ್ಪಂಜು ಚೈನು, ಗೇರಿನ ಹಲ್ಲುಚಕ್ರಗಳಿಗೆ ಮೀಸಲು, ಇನ್ನೊಂದು ಉಳಿದೆಲ್ಲದಕ್ಕೆ. ಇವೆರಡನ್ನು ಎಂದಿಗೂ ಬೆರೆಸುವುದಿಲ್ಲ. ಚೈನಿನ ಎಣ್ಣೆ ಸ್ವಲ್ಪವೇ ಡಿಸ್ಕ್ ಬ್ರೇಕಿಗೆ ತಗುಲಿದರೂ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಅದನ್ನು ಹೀರಿಕೊಂಡು ಕಿರುಚಲು ತೊಡಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ. ಸಾಬೂನಿಗೆ ಕಾರು ತೊಳೆಯುವ ಶಾಂಪೂ ಸಾಕು. ತುಕ್ಕು ತೆಗೆಯುವ ಆಮ್ಲದ ದ್ರಾವಣಗಳನ್ನು ಚೈನಿಗೆ ಹಾಕಲೇಬಾರದು. ಅವುಗಳಿಂದ ಚೈನ್ ತುಂಡಾಗಬಹುದೆಂದು ಸೈಕಲ್ಲಿನ ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿಯ ಕೈಪಿಡಿಯೇ ಎಚ್ಚರಿಸುತ್ತದೆ.

ಮೋಟಾರ್ ಬೈಕುಗಳಿಗೆ ವಾಟರ್ ಸರ್ವಿಸ್ ಮಾಡುವ ಕಡೆ ಸೈಕಲ್ಲನ್ನು ಒಯ್ಯಬೇಡಿ. ಆ ರಭಸದ ನೀರು ಹಬ್ (ಚಕ್ರದ ಗುಂಬ), ಪೆಡಲಿನ ಅಚ್ಚು, ಹ್ಯಾಂಡಲಿನ ಬುಡ ಹೀಗೆ ಬೇರಿಂಗ್ ಇರುವಲ್ಲೆಲ್ಲ ರಬ್ಬರ್ ಸೀಲನ್ನು ದಾಟಿ ಒಳಗೆ ನುಗ್ಗುತ್ತದೆ, ಅಲ್ಲಿನ ಗ್ರೀಸನ್ನು ಹೊರದಬ್ಬುತ್ತದೆ. ಹೊರಗೆ ಹೊಳೆಯುವ ಸೈಕಲ್ಲಿನ ಒಳಗೆ ಬೇರಿಂಗ್ ತುಕ್ಕು ಹಿಡಿಯುತ್ತಿರುತ್ತದೆ. ನಾನು ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡುತ್ತೇನೆ.

ಕೊಟ್ಟಿಗೆಯ ಜಂತಿಗೆ ಹಗ್ಗ ಕಟ್ಟಿ, ಸೀಟಿನ ಮೂತಿಯನ್ನು ಅದಕ್ಕೆ ಸಿಕ್ಕಿಸಿ ತೂಗುಹಾಕುತ್ತೇನೆ. ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವುದರಿಂದ ಬೇರೆ ಸ್ಟ್ಯಾಂಡಿನ ಅಗತ್ಯವೇ ಇಲ್ಲ. ಮೊದಲು ಬರೀ ನೀರು ಹಾಯಿಸಿ ಮಣ್ಣನ್ನು ನೆನೆಯಲು ಬಿಡಬೇಕು. ಒಣ ಮಣ್ಣನ್ನು ಉಜ್ಜಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಮಣ್ಣು ನೆನೆಯುವಷ್ಟರಲ್ಲಿ ಚೈನಿನ ಕೆಲಸ ಮುಗಿಯುತ್ತದೆ. ಜಿಡ್ಡು ತೆಗೆಯುವ ಡಿಗ್ರೀಸರನ್ನು ಟೂತ್‌ಬ್ರಷ್‌ಗೆ ಹಚ್ಚಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಚೈನನ್ನು ತಿಕ್ಕುತ್ತೇನೆ. ಹಲ್ಲುಚಕ್ರಗಳ ನಡುವಿನ ಸಂದಿಗೆ ಪಂಚೆಯ ಅಂಚನ್ನು ತೂರಿಸಿ ಆ ಕಡೆ ಈ ಕಡೆ ಎಳೆದರೆ ಕಪ್ಪು ಜಿಡ್ಡು ಕಿತ್ತು ಬರುತ್ತದೆ. ಗೇರ್ ಬದಲಿಸುವ ಡಿರೇಲರಿನ ಎರಡು ಪುಟ್ಟ ಗಾಲಿಗಳ ಮೇಲಿನ ಜಿಡ್ಡನ್ನು ಬಿದಿರಿನ ಕಡ್ಡಿಯಿಂದ ಕೆರೆಯುತ್ತೇನೆ. ಈ ಕೊಳಕು ನೀರು ತೋಟದ ಕಾದಿಗೆಗೋ (ಕಾಲುವೆಗೋ) ಬಾವಿಕಟ್ಟೆಯ ಕಡೆಗೋ ಹೋಗದಂತೆ ನೋಡಿಕೊಳ್ಳಬೇಕು. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಆಮೇಲೆ ಉಳಿದ ಭಾಗಗಳನ್ನು ಮೇಲಿನಿಂದ ಕೆಳಕ್ಕೆ ಸಾಬೂನಿನಲ್ಲಿ ತೊಳೆದರಾಯಿತು.

ಇನ್ನು ಒಣಗಿಸುವುದು. ಸೈಕಲ್ಲನ್ನು ಸ್ವಲ್ಪ ಎತ್ತಿ ಚಕ್ರಗಳ ಮೇಲೆ ಕುಕ್ಕಿದರೆ ಸಂದಿಗಳ ನೀರು ಉದುರುತ್ತದೆ. ಸೀಟಿನ ಎತ್ತರಕ್ಕೆ ಟೇಪಿನ ಗುರುತು ಹಾಕಿಕೊಂಡು, ಸೀಟಿನ ಕಂಬವನ್ನು ಹೊರಗೆಳೆದು, ಸೈಕಲ್ಲನ್ನು ತಲೆಕೆಳಗು ಮಾಡುತ್ತೇನೆ. ಮಳೆಯಲ್ಲಿ ಓಡಿಸಿದ ಸೈಕಲ್ಲಾದರೆ ಆ ಕೊಳವೆಯಿಂದ ಕೆಂಪು ನೀರು ಇಳಿಯುತ್ತದೆ. ಅದು ಅಲ್ಲೇ ನಿಂತರೆ ಪೆಡಲಿನ ಅಚ್ಚಿನ ಬೇರಿಂಗಿಗೇ ಸೇರುತ್ತದೆ. ನನ್ನದು ಅಲ್ಯುಮಿನಿಯಂ ಕಂಬವಾದ್ದರಿಂದ ತುಸು ಗ್ರೀಸ್ ಸವರಿ ಮತ್ತೆ ಕೂರಿಸುತ್ತೇನೆ. ಚೈನನ್ನು ಮಾತ್ರ ಬಟ್ಟೆ ಒದ್ದೆಯಾಗುವುದು ನಿಲ್ಲುವವರೆಗೂ ಒರೆಸಬೇಕು. ಕೊನೆಗೆ ಅಂಗಳದಲ್ಲಿ ಒಂದು ಸುತ್ತು ಹೊಡೆದು, ಬ್ರೇಕ್ ಹಿಡಿದು ಬಿಟ್ಟು ಮಾಡಿದರೆ ಡಿಸ್ಕುಗಳೂ ಒಣಗುತ್ತವೆ.

ಚೈನಿಗೆ ಎಣ್ಣೆ ಹಾಕುವುದು ಅದು ಪೂರ್ತಿ ಒಣಗಿದ ಮೇಲೆಯೇ. ಕೊಂಡಿಗಳ ನಡುವಿನ ಒಂದೊಂದು ರೋಲರಿಗೆ ಒಂದೊಂದು ಹನಿ, ಅದೂ ಒಳಮೈಗೆ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊರಮೈಯ ಎಣ್ಣೆಯನ್ನೆಲ್ಲ ಒರೆಸಿ ತೆಗೆಯುತ್ತೇನೆ. ಹೊರಗೆ ಉಳಿದ ಎಣ್ಣೆಗೆ ಮಣ್ಣು ಮೆತ್ತಿಕೊಂಡರೆ ಅದು ಸಾಣೆಕಲ್ಲಿನ ಹಾಗೆ ಚೈನನ್ನೇ ತೇಯುತ್ತದೆ. ಮಳೆಗಾಲಕ್ಕೆ ನೀರಿಗೆ ಬೇಗ ತೊಳೆದುಹೋಗದ ವೆಟ್ ಲ್ಯೂಬ್, ಬೇಸಿಗೆಯ ಧೂಳಿಗೆ ಡ್ರೈ ಲ್ಯೂಬ್. ಅನೇಕರು ಡಬ್ಲ್ಯೂಡಿ-40 ಸಿಂಪಡಿಸಿ ಸುಮ್ಮನಾಗುತ್ತಾರೆ. ನೀಲಿ ಹಳದಿ ಡಬ್ಬಿಯ ಆ ದ್ರವ ಹುಟ್ಟಿದ್ದೇ ನೀರನ್ನು ಹೊರದೂಡಲು. ಚೈನಿನಲ್ಲಿ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ.

ತೊಳೆಯುವ ಹೊತ್ತೇ ಸವೆತ ನೋಡುವ ಹೊತ್ತು ಕೂಡ. ಉಕ್ಕಿನ ಅಡಿಕೋಲನ್ನು ಚೈನಿಗೆ ಹಿಡಿದರೆ ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಚೈನ್ ಬದಲಾಯಿಸುತ್ತೇನೆ. ಹಳೆಯ ಚೈನನ್ನೇ ಓಡಿಸುತ್ತ ಹೋದರೆ ಅದಕ್ಕಿಂತ ದುಬಾರಿಯಾದ ಹಲ್ಲುಚಕ್ರಗಳೂ ಸವೆಯುತ್ತವೆ. ಶಿಮಾನೊ ಬ್ರೇಕಾದರೆ ಪ್ಯಾಡಿನ ಉಜ್ಜುವ ಪದರ 0.5 ಮಿಲಿಮೀಟರಿಗೆ, ಡಿಸ್ಕ್ 1.5 ಮಿಲಿಮೀಟರಿಗೆ ಇಳಿದಾಗ ಬದಲಿಸಬೇಕು. ನಮ್ಮ ಕೆಸರಿನಲ್ಲಿ ಪ್ಯಾಡುಗಳು ಬೇಸಿಗೆಗಿಂತ ಬಹಳ ಬೇಗ ಸವೆಯುತ್ತವೆ. ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಬೇರೇನನ್ನೂ ಬಳಸುವುದಿಲ್ಲ, ಅದಕ್ಕೆ ಬರಿಗೈಯನ್ನೂ ತಾಗಿಸುವುದಿಲ್ಲ. ಚಕ್ರ ಬಿಚ್ಚಿದಾಗ ಮಕ್ಕಳು ಬ್ರೇಕ್ ಒತ್ತಿದರೂ ಪ್ಯಾಡುಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ಅವುಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿಡುತ್ತೇನೆ.

ಮುಂಚಕ್ರವನ್ನು ಹಿಡಿದಿರುವ, ಕುಲುಕು ತಡೆಯುವ ಫೋರ್ಕಿನ ಹೊಳೆಯುವ ಕೊಳವೆಗಳನ್ನು ಪ್ರತಿ ಸವಾರಿಯ ನಂತರವೂ ಮೆತ್ತನೆಯ ಬಟ್ಟೆಯಿಂದ ಒರೆಸಲೇಬೇಕು. ಅದರ ಒಳಗಿನ ಎಣ್ಣೆ ಬದಲಿಸುವುದನ್ನೂ ಹೈಡ್ರಾಲಿಕ್ (ದ್ರವದ ಒತ್ತಡದ) ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಯುವುದನ್ನೂ ನಾನು ಮೆಕ್ಯಾನಿಕ್‌ಗೆ ಬಿಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಹೊತ್ತಿಗೆ, ಎರಡನ್ನೂ ಒಟ್ಟಿಗೇ ಮಾಡಿಸುತ್ತೇನೆ.